ಎದ್ದು ಹೋದ ಮೂಲೆ

ಒಂದು ಖಾಲಿ ಮನೆಯನ್ನು ಯಾರೋ ಬಾಳುತ್ತಿರುವ ಮನೆಯಂತೆ ಕಾಣಿಸಲು ಎಷ್ಟು ಖರ್ಚು ಬೀಳುತ್ತದೆ ಎಂದು ಕೇಳಿದರೆ ಹೂಜಿ ಅಕ್ಕ ಬೆರಳು ಮಡಿಸಿಯೇ ಹೇಳಿಬಿಡುತ್ತಿದ್ದಳು. ದೊಡ್ಡ ಗಾಜಿನ ಹೂದಾನಿಗೆ ಒಂದು ತಿಂಗಳ ಹಾಲಿನ ದುಡ್ಡು. ಕಿಟಕಿ ಪರದೆಗೆ ಅದರ ಮೂರು ಪಟ್ಟು, ಹೊಲಿಗೆ ಬೇರೆ. ದಿಂಬಿನ ಕವರು ಅಗ್ಗ, ಒಳಗಿನ ಹತ್ತಿ ದುಬಾರಿ. ಹತ್ತಿಯಲ್ಲಿ ಜಿಪುಣತನ ಮಾಡಿದರೆ ದಿಂಬು ಜ್ವರದಿಂದೆದ್ದವರ ಕೆನ್ನೆಯ ಹಾಗೆ ಕಾಣುತ್ತದೆ. ಗೋಡೆಯ ಚಿತ್ರದಲ್ಲಿ ಚಿತ್ರಕ್ಕೆ ಬೆಲೆಯಿಲ್ಲ, ಚೌಕಟ್ಟಿನದೇ ಎಲ್ಲ. ಪುಸ್ತಕ ತೂಕದ ಲೆಕ್ಕ, ಹಳೇ ಪೇಪರಿನ ದರಕ್ಕಿಂತ ಒಂಚೂರು ಹೆಚ್ಚು. ಇಷ್ಟೆಲ್ಲ ಹೇಳಿ, ಕೊನೆಗೆ ಒಂದು ಬೆರಳು ಮಡಿಸದೆ ಉಳಿಸಿಕೊಂಡು, "ಎದ್ದು ಹೋದ ಮೂಲೆಗೆ ಮಾತ್ರ ಖರ್ಚಿಲ್ಲ, ಅದು ಕೈಗುಣ" ಎನ್ನುತ್ತಿದ್ದಳು.

ಮಾರಾಟಕ್ಕಿಟ್ಟ ಮನೆಗಳನ್ನು ಸಿಂಗರಿಸುವುದೇ ಅವಳ ಕಸುಬು. ಬರಿಗೋಡೆ ಕಂಡರೆ ಕೊಳ್ಳಲು ಬಂದವರ ಕಣ್ಣು ಬಿರುಕು ಹುಡುಕುತ್ತದೆ. ಅದೇ ಗೋಡೆಗೊಂದು ಕನ್ನಡಿ ತೂಗುಹಾಕಿ, ಕೆಳಗೊಂದು ಸಣ್ಣ ಮೇಜಿಟ್ಟು, ಮೇಲೊಂದು ಬಟ್ಟಲಿಟ್ಟರೆ ಅಲ್ಲಿ ತಮ್ಮದೇ ಮುಖ ಕಾಣುತ್ತದೆ. ಮನೆ ಮಾರಿದ ಮೇಲೆ ಸಾಮಾನು ಉಗ್ರಾಣಕ್ಕೆ ವಾಪಸು, ಅಲ್ಲಿಂದ ಮುಂದಿನ ಮನೆಗೆ. ಯಾವ ಮನೆಗೆ ಹೋದರೂ ಅವಳು ಬಾಗಿಲ ಪಕ್ಕದಲ್ಲಿ ಮೊದಲು ಒಂದು ಮಣ್ಣಿನ ಹೂಜಿ ಇಡುತ್ತಿದ್ದಳು. ಹೆಸರು ಬಂದದ್ದು ಅಲ್ಲಿಂದ. ಹೊಸಿಲು ದಾಟಿದವರಿಗೆ ಮೊದಲು ನೀರಿನ ನೆನಪಾಗಬೇಕು, ಆಮೇಲೆ ಬೆಲೆಯ ನೆನಪಾಗಲಿ ಎನ್ನುವುದು ಅವಳ ವಾದ.

ಕೆಲಸ ಮುಗಿಸುವಾಗ ಕೊನೆಯದು ಎದ್ದು ಹೋದ ಮೂಲೆ. ಕಿಟಕಿಯ ಬಳಿ ಒಂದು ಕುರ್ಚಿ. ಅದರ ತೋಳಿನಿಂದ ಅರ್ಧ ಜಾರಿದ ಶಾಲು. ಪಕ್ಕದ ಸ್ಟೂಲಿನ ಮೇಲೆ ಮಗುಚಿಟ್ಟ ಪುಸ್ತಕ, ಪುಸ್ತಕದ ಮೇಲೆ ಬಿಚ್ಚಿಟ್ಟ ಕನ್ನಡಕ. ನೋಡಿದವರಿಗೆ ಯಾರೋ ಓದುತ್ತಾ ಕೂತಿದ್ದವರು ಈಗಷ್ಟೇ ಎದ್ದು ಅಡುಗೆಮನೆಗೆ ಹೋಗಿದ್ದಾರೆ, ಇನ್ನೇನು ಬಂದೇ ಬಿಡುತ್ತಾರೆ ಅನ್ನಿಸಬೇಕು. ಒಪ್ಪವಾಗಿಟ್ಟರೆ ಕೆಟ್ಟಿತು. ಒಪ್ಪವಿಲ್ಲದ ಹಾಗೆ ಇಡುವುದಕ್ಕೇ ವರ್ಷಗಟ್ಟಲೆ ಕೈ ಪಳಗಬೇಕು.

ಉಗ್ರಾಣ, ಟೆಂಪೊ, ಮೊಳೆ, ಸುತ್ತಿಗೆ ಎಲ್ಲ ಗಂಡನ ಪಾಲು. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಆ ಮಲ್ಲಿಗೆ ಮಾರಿ ನಾವು ಹಿಟ್ಟು ತರ್ತೀವಿ" ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ. ತೂಕಕ್ಕೆ ತಂದ ಪುಸ್ತಕಗಳಿಗೆ ಬಣ್ಣದ ಕಾಗದದ ಹೊದಿಕೆ ಹಾಕುವುದೂ ಅವನ ಕೆಲಸವೇ. ಹೆಸರು ಕಾಣುವ ಹಾಗಿದ್ದರೆ ಮನೆ ನೋಡಲು ಬಂದವರು ಪುಸ್ತಕ ನೋಡುತ್ತಾ ನಿಂತುಬಿಡುತ್ತಾರೆ. ಹಾಗಾಗಿ ಅವರ ಉಗ್ರಾಣದ ಪುಸ್ತಕಗಳಿಗೆ ಹೆಸರಿರಲಿಲ್ಲ. ಬೂದು ಪುಸ್ತಕ, ನೀಲಿ ಪುಸ್ತಕ, ಕೆನೆ ಬಣ್ಣದ ಪುಸ್ತಕ, ಅಷ್ಟೇ. ಒಳಗೇನಿದೆ ಎಂದು ಹೂಜಿ ಅಕ್ಕ ಒಮ್ಮೆಯೂ ತೆರೆದು ನೋಡಿದವಳಲ್ಲ.

ಅವನ ಕನ್ನಡಕ ಒಮ್ಮೆ ಟೆಂಪೊದ ಚಕ್ರಕ್ಕೆ ಸಿಕ್ಕಿ ಪುಡಿಯಾಯಿತು. ಹೊಸದು ಮಾಡಿಸಿಕೊಳ್ಳಿ ಎಂದು ಅವಳು ಗೋಗರೆದಳು. ಅವನು ಉಗ್ರಾಣದ ಡಬ್ಬಿಯಲ್ಲಿದ್ದ ಹಳೇ ಕನ್ನಡಕಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿ, ಕಂದು ಚೌಕಟ್ಟಿನದೊಂದು ಹೊಂದುತ್ತದೆ ಎಂದು ಅದನ್ನೇ ಇಟ್ಟುಕೊಂಡ. ಚಳಿಗೆ ಶಾಲೂ ಉಗ್ರಾಣದ್ದೇ. ಸಂಜೆ ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂತು ಕೈಗೆತ್ತಿಕೊಳ್ಳುತ್ತಿದ್ದ ನೀಲಿ ಪುಸ್ತಕವೂ ಉಗ್ರಾಣದ್ದೇ. "ರೀ, ಮೈಮೇಲಿರೋದೆಲ್ಲ ಬಾಡಿಗೆ ಸಾಮಾನು, ಮನೆ ಮಾರಿದ್ರೆ ನಿಮ್ಮನ್ನೂ ಕಟ್ಟಿ ಕಳಿಸ್ಬೇಕಾಗುತ್ತೆ" ಎಂದು ಅವಳು ರೇಗಿಸುತ್ತಿದ್ದಳು.

ಅವಳು ನೆಲದ ಮೇಲೆ ಕೂತು ದಿಂಬಿನ ಕವರು ಹೊಲಿಯುವಳು. ಅವನು ಆ ಪುಸ್ತಕ ಓದಿ, ಓದಿದಷ್ಟನ್ನು ಅವಳಿಗೆ ಬಾಯಿಮಾತಿನಲ್ಲಿ ಹೇಳುವನು. ಒಬ್ಬ ಕೊಡೆ ರಿಪೇರಿಯವನ ಕಥೆ. ರಿಪೇರಿಗೆಂದು ಯಾರೋ ಒಬ್ಬಳು ಕೊಟ್ಟುಹೋದ ಕೊಡೆ ಹಾಗೆಯೇ ಉಳಿದುಬಿಡುತ್ತದೆ. ಅವನು ಅಂಗಡಿ ಮುಚ್ಚಿ, ಕೊಡೆ ಹಿಡಿದು, ಅದರ ಒಡತಿಯನ್ನು ಹುಡುಕಿಕೊಂಡು ಬೀದಿ ಬೀದಿ ಅಲೆಯುತ್ತಾನೆ. ಪ್ರತಿ ಸಂಜೆ ಒಂದು ಮನೆಯ ಬಾಗಿಲು. ಒಂದು ಮನೆಯಲ್ಲಿ ಮೆಟ್ಟಿಲ ತಿರುವಿನಲ್ಲಿ ನೀಲಿ ಹೂದಾನಿ. ಇನ್ನೊಂದರಲ್ಲಿ ಕನ್ನಡಿಗೆ ಎದುರಾಗಿ ಕನ್ನಡಿ, ಬಂದವರಿಗೆ ತಾವು ಎಷ್ಟು ಜನ ಎಂದೇ ಗೊತ್ತಾಗುವುದಿಲ್ಲ. ಸೂಜಿ ನಿಲ್ಲಿಸಿ ಅವಳು ಒಮ್ಮೆ ಹೇಳಿದ್ದಳು, ಇದನ್ನು ಬರೆದವನಿಗೆ ನಮ್ಮ ಕಸುಬು ಚೆನ್ನಾಗಿ ಗೊತ್ತು ನೋಡಿ ಎಂದು. ಅವನು ಪುಟ ತಿರುಗಿಸುತ್ತಾ, "ಇರಬಹುದು, ಹೆಂಡತಿ ಹತ್ರ ಕೇಳಿ ಬರೆದಿರ್ತಾನೆ" ಎಂದಿದ್ದ.

ಆ ದಿನ ಕಥೆ ಊರಂಚಿನ ಮನೆಗೆ ಬಂದಿತ್ತು. ಕೊಡೆಯವನು ಬಾಗಿಲು ತಟ್ಟಿದ. ಒಳಗೆ ಯಾರೋ ಚಪ್ಪಲಿ ಎಳೆದುಕೊಂಡು ಬರುವ ಸದ್ದು. ಅಷ್ಟರಲ್ಲಿ ಕೆಳಗೆ ಗಾಜಿನ ಅಂಗಡಿಯ ಗಾಡಿ ಬಂತು. ಅವಳು, "ಬಾಗಿಲು ತೆಗೆದಿದ್ದು ಯಾರು, ಅದನ್ನ ಹೇಳಿ ಹೋಗಿ" ಎಂದಳು. "ಕನ್ನಡಿ ಒಡೆದ್ರೆ ನಿಂಗೇ ನಷ್ಟ. ಬಂದೆ ತಾಳು" ಎಂದು ಪುಸ್ತಕ ಮಗುಚಿಟ್ಟು, ಕನ್ನಡಕ ಅದರ ಮೇಲಿಟ್ಟು ಎದ್ದ. ಶಾಲು ಜಾರಿತು. ಕೆಳಗಿನ ಮೆಟ್ಟಿಲ ಬಳಿ, ಕನ್ನಡಿಗೆ ಕೈ ಹಾಕುವ ಮೊದಲೇ, ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಹೂಜಿ ಅಕ್ಕ ಎದೆ ಬಡಿದುಕೊಂಡು ಅಳುವವಳಲ್ಲ. ಒಪ್ಪಿಕೊಂಡ ಮನೆಗಳಿದ್ದವು, ದಲ್ಲಾಳಿಗಳು ಕಾಯುತ್ತಿದ್ದರು. ಕೆಲವೇ ವಾರಗಳಲ್ಲಿ ಕೆಲಸಕ್ಕೆ ಇಳಿದಳು. ಟೆಂಪೊಗೆ ಅವನ ತಂಗಿ ಬಂದಳು, ಬಾಯಿ ಜೋರು, ಕೈ ಅದಕ್ಕಿಂತ ಜೋರು. ಬೇರೆ ಬಡಾವಣೆಯಿಂದ ಬೆಳಗ್ಗೆ ಬಂದು ಸಂಜೆ ಹೋಗುವ ನಾದಿನಿಗೆ ಅತ್ತಿಗೆ ಎಲ್ಲ ಕಲಿಸಿದಳು. ಅವರ ಪದ್ಧತಿಯೆಂದರೆ, ಯಾವ ಮನೆಗೆ ಏನು ಹೋಗಬೇಕೋ ಅದನ್ನು ಮೊದಲು ತಮ್ಮ ಮನೆಯಲ್ಲೇ ಜೋಡಿಸಿ ನೋಡುವುದು, ಸರಿಹೋದರೆ ಫೋಟೊ ತೆಗೆದು, ಕಟ್ಟಿ, ಅಲ್ಲಿ ಹೋಗಿ ಹಾಗೇ ಇಡುವುದು. ತೆರೆದ ಪುಸ್ತಕವಿದ್ದರೆ ಪುಟದ ನಡುವೆ ಒಂದು ಕಾಗದದ ಪಟ್ಟಿ ಇಟ್ಟು ಕಟ್ಟುವುದು.

ಹೇಳದೆ ಉಳಿದದ್ದು ಒಂದೇ. ಮುಂದಿನ ಕೋಣೆಯ ಆ ಮೂಲೆ ಅವನು ಎದ್ದು ಹೋದಾಗ ಹೇಗಿತ್ತೋ ಹಾಗೇ ಇತ್ತು. ಅವಳು ಅದರ ಸುತ್ತ ಗುಡಿಸುತ್ತಿದ್ದಳು, ಪುಸ್ತಕದ ಬೆನ್ನಿನ ಮೇಲಿನ ಧೂಳನ್ನು ಬಾಯಿಂದ ಊದುತ್ತಿದ್ದಳು, ಕೈ ತಾಗಿಸುತ್ತಿರಲಿಲ್ಲ. ಜೋಡಿಸಿ ನೋಡುವ ಕೆಲಸವನ್ನೆಲ್ಲ ಊಟದ ಜಾಗಕ್ಕೆ ಸಾಗಿಸಿದ್ದಳು. ಯಾಕೆ ಅತ್ತಿಗೆ ಎಂದು ನಾದಿನಿ ಕೇಳಿದ್ದಕ್ಕೆ ಬೆಳಕು ಚೆನ್ನಾಗಿದೆ ಎಂದಿದ್ದಳು. ಮಾತಲ್ಲಿ ಹೇಳಲು ಏನೋ ಸಂಕೋಚ. ಇಡೀ ಆಯಸ್ಸು ಇಂಥ ಮೂಲೆಗಳನ್ನು ಮಾಡಿ ಜನರ ಕಣ್ಣಿಗೆ ಮಣ್ಣೆರಚಿದವಳು, ಈಗ ತಾನೇ ಒಂದರ ಮುಂದೆ ಕೂತು ಬರುತ್ತಾನೆ ಎಂದು ಕಾಯುತ್ತಿದ್ದಾಳೆ ಎಂದರೆ ಯಾರಾದರೂ ನಕ್ಕಾರು.

ಆಮೇಲೆ ಬಂತು ದೊಡ್ಡ ಮನೆಯ ಕೆಲಸ. ಸಾಮಾನು ಊಟದ ಜಾಗದಲ್ಲಿ ಹಿಡಿಸಲಿಲ್ಲ. ಎರಡು ದಿನದ ಮಟ್ಟಿಗೆ ಎಂದುಕೊಂಡು ಮುಂದಿನ ಕೋಣೆಯ ಈಚೆ ಬದಿಯಲ್ಲಿ ದೀಪ, ಜಮಖಾನೆ, ದಿಂಬು, ಚಿತ್ರ ಎಲ್ಲ ಜೋಡಿಸಿದಳು. ಸಾಗಿಸುವ ದಿನ ಪರದೆ ಹೊಲಿಯುವವನು ಅಳತೆ ತಪ್ಪಿಸಿದ್ದ. ಅವಳು ಬೆಳಗ್ಗೆಯೇ ಅವನ ಅಂಗಡಿಗೆ ಓಡಬೇಕಾಯಿತು. ಹೊಸಿಲಲ್ಲಿ ಚಪ್ಪಲಿ ಮೆಟ್ಟುತ್ತಾ ನಾದಿನಿಗೆ ಫೋನು ಮಾಡಿದಳು, "ಮುಂದಿನ ಕೋಣೇಲಿ ಇರೋದೆಲ್ಲ ಕಟ್ಕೊಂಡು ಹೋಗು. ಇವತ್ತು ನೀನೇ ಇಡು, ನಿನ್ನ ಕೈನೂ ನೋಡೋಣ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸಂಜೆ ಮನೆಗೆ ಬಂದು ದೀಪ ಹಾಕಿದಾಗ ಮುಂದಿನ ಕೋಣೆ ಖಾಲಿ ಹೊಡೆಯುತ್ತಿತ್ತು. ಕುರ್ಚಿಯಿದ್ದ ಜಾಗದಲ್ಲಿ ಅದರ ಕಾಲುಗಳು ಬಿಟ್ಟ ಗುರುತುಗಳು, ಅವುಗಳ ನಡುವೆ ಅವಳು ಗುಡಿಸದೆ ಬಿಟ್ಟಿದ್ದ ಧೂಳು. ಹೂಜಿ ಅಕ್ಕ ಚೀಲದಿಂದ ಫೋನು ತೆಗೆದಳು. ಫೋನು ಮಾಡುವ ಮೊದಲೇ ಅದು ಹೊಡೆದುಕೊಂಡಿತು.

ನಾದಿನಿ ಖುಷಿಯಲ್ಲಿ ಉಸಿರು ಬಿಡದೆ ಹೇಳಿದಳು. ಇಟ್ಟು ಮುಗಿಸುವಷ್ಟರಲ್ಲೇ ದಲ್ಲಾಳಿ ಗಿರಾಕಿಯನ್ನು ಕರೆತಂದನಂತೆ. ನಿವೃತ್ತರಾದ ಟೀಚರಂತೆ. ಮನೆಯೆಲ್ಲ ಸುತ್ತಿ, ಕೊನೆಗೆ ಆ ಕುರ್ಚಿಯ ಮುಂದೆ ನಿಂತವರು ಕದಲಲೇ ಇಲ್ಲವಂತೆ. ಸಾಮಾನು ಸಮೇತ ಬೇಕು ಎಂದರಂತೆ. "ಅತ್ತಿಗೆ, ಆ ಮೂಲೆ ನೋಡೇ ಮನೆ ಹೋಗಿದ್ದು. ನಿಮ್ಮ ಕೈ ಅಂದ್ರೆ ಕೈ. ಇಂಥ ಎದ್ದು ಹೋದ ಮೂಲೆ ನೀವು ಇದುವರೆಗೂ ಮಾಡಿರ್ಲಿಲ್ಲ."

"ಅದು ನಾನು ಮಾಡಿದ್ದಲ್ಲ ಕಣೇ" ಎಂದಳು ಹೂಜಿ ಅಕ್ಕ. "ನಿಮ್ಮಣ್ಣ ಮಾಡಿದ್ದು."

ನಾದಿನಿಯ ದನಿ ಸಣ್ಣಗಾಯಿತು. ಕನ್ನಡಕದ ಮೇಲೆ ಉಗ್ರಾಣದ ಗುರುತು ಇತ್ತು, ಶಾಲಿನ ಮೇಲೂ ಇತ್ತು, ತನಗೆ ಹೇಗೆ ಗೊತ್ತಾಗಬೇಕು ಎಂದು. ಆಮೇಲೆ ಏನೋ ನೆನಪಾದವಳಂತೆ, ಪುಟ ತಪ್ಪಿಲ್ಲ, ಪಟ್ಟಿ ಇಟ್ಟೇ ಕಟ್ಟಿದ್ದು, ಅಲ್ಲಿ ಪಟ್ಟಿ ತೆಗೆದು ಅದೇ ಪುಟಕ್ಕೆ ಮಗುಚಿಟ್ಟಿದ್ದೇನೆ ಎಂದಳು. ಹೂಜಿ ಅಕ್ಕ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಕುರ್ಚಿ ಹೋಗಲಿ, ಶಾಲು ಹೋಗಲಿ. ಅವನು ಓದಿ ನಿಲ್ಲಿಸಿದ ಪುಟ ಸಿಕ್ಕರೆ ಸಾಕು. ಬಾಗಿಲು ತೆಗೆದದ್ದು ಯಾರು ಎಂದು ತಾನು ಓದುವುದೂ ಬೇಡ. ಅಲ್ಲಿಯವರೆಗೆ ಅವನು ಓದಿದ್ದ ಎಂದು ತಿಳಿದರೆ ಸಾಕು.

ಬೆಳಗಾಗುತ್ತಲೇ ಅತ್ತಿಗೆ ನಾದಿನಿ ಇಬ್ಬರೂ ಟೆಂಪೊ ಹತ್ತಿದರು. ಮನೆಯ ಬಾಗಿಲು ತೆರೆದೇ ಇತ್ತು. ದಲ್ಲಾಳಿ ಒಳಗಿನಿಂದಲೇ, "ಬನ್ನಿ ಅಕ್ಕ ಬನ್ನಿ, ನಿಮ್ಮ ಹೆಸರು ಹೇಳೇ ಊಟ ಮಾಡ್ತಿದೀನಿ" ಎಂದು ಕರೆದ. ಟೀಚರು ಅಡುಗೆಮನೆಯ ನಲ್ಲಿ ತಿರುಗಿಸಿ ನೋಡುತ್ತಿದ್ದರು. ಹೂಜಿ ಅಕ್ಕ ನೇರ ಕಿಟಕಿಯ ಬಳಿಗೆ ನಡೆದಳು.

ಶಾಲು ನಾಲ್ಕು ಮಡಿಕೆಯಾಗಿ ಕುರ್ಚಿಯ ಮೇಲಿತ್ತು. ಪುಸ್ತಕ ಮುಚ್ಚಿ ಸ್ಟೂಲಿನ ಅಂಚಿಗೆ ಸರಿಯಾಗಿ ಇಟ್ಟಿತ್ತು. ಕನ್ನಡಕ, ಕಾಲು ಮಡಿಚಿಕೊಂಡು, ಅದರ ಪಕ್ಕದಲ್ಲಿ. ಮಕ್ಕಳು ಮನೆಗೆ ಹೋದ ಮೇಲಿನ ತರಗತಿಯ ಹಾಗೆ ಎಲ್ಲ ಚೊಕ್ಕವಾಗಿತ್ತು.

ಟೀಚರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಇದನ್ನೆಲ್ಲ ಜೋಡಿಸಿದವರು ನೀವೇ ಏನು ಎಂದು ಆದರದಿಂದ ಮಾತಾಡಿಸಿದರು. ಆಯಸ್ಸೆಲ್ಲ ಹಾಸ್ಟೆಲಿನ ಕೋಣೆ, ಬಾಡಿಗೆ ಕೋಣೆಗಳಲ್ಲೇ ಕಳೆಯಿತು, ಸ್ವಂತದ್ದೆಂದು ಇದೇ ಮೊದಲು ಎಂದರು. "ಒಂಟಿ ಜೀವಕ್ಕೆ ಇಷ್ಟು ದೊಡ್ಡ ಮನೆ ಯಾಕೆ ಅಂತ ವಾಪಸ್ ಹೊರಟಿದ್ದೆ ಕಣಮ್ಮ. ಈ ಕುರ್ಚಿ ನೋಡಿದೆ. ಯಾರೋ ಇಲ್ಲೇ ಇದ್ದಾರೆ ಅನ್ನಿಸ್ತು. ಇವತ್ತು ಬೆಳಗ್ಗೆ ಬಂದವಳು ಒಂದು ಗಳಿಗೆ ಕೂತೂ ಬಿಟ್ಟೆ."

"ಪುಸ್ತಕ..." ಎಂದಳು ಹೂಜಿ ಅಕ್ಕ.

"ಅಯ್ಯೋ, ಅದಾ? ಪುಸ್ತಕ ಮಗುಚಿ ಇಡಬಾರ್ದು, ಬೆನ್ನು ಮುರಿಯುತ್ತೆ ಅಂತ ಮಕ್ಕಳಿಗೆ ಬೈದು ಬೈದು ಅಭ್ಯಾಸ. ಮುಚ್ಚಿಟ್ಟೆ. ಯಾವ ಪುಟ ಅಂತ ನೋಡ್ಲಿಲ್ಲ, ನನ್ನ ಕನ್ನಡಕ ಚೀಲದಲ್ಲಿತ್ತು. ಯಾಕಮ್ಮ, ತಪ್ಪಾಯ್ತಾ?"

"ಇವು ಮಾರೋ ಸಾಮಾನಲ್ಲ. ನಮ್ಮ ಯಜಮಾನರದು. ತಪ್ಪಿ ಬಂದುಬಿಡ್ತು."

ಟೀಚರು ಗಲ್ಲದ ಮೇಲೆ ಕೈಯಿಟ್ಟರು. "ಛೇ ಛೇ. ರಾತ್ರಿಯೆಲ್ಲ ಪಾಪ ಕನ್ನಡಕ ಇಲ್ದೆ ಎಷ್ಟು ಕಷ್ಟಪಟ್ಟರೋ ಏನೋ."

"ಇಲ್ಲಮ್ಮ" ಎಂದಳು ಹೂಜಿ ಅಕ್ಕ. "ಈಗ ಅವರಿಗೆ ಬೇಕಾಗಲ್ಲ."

ಟೀಚರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ತಾವೇ ಶಾಲು ಎತ್ತಿ ಕೊಟ್ಟರು, ಪುಸ್ತಕ ಕೊಟ್ಟರು, ಕನ್ನಡಕವನ್ನು ಕರವಸ್ತ್ರದಲ್ಲಿ ಸುತ್ತಿ ಕೊಟ್ಟರು. ಕುರ್ಚಿ, ಸ್ಟೂಲುಗಳನ್ನು ಟೆಂಪೊವರೆಗೆ ಹೊರಲು ಒಂದು ಕೈ ಹಾಕಿದರು. ಲೆಕ್ಕ ಹೇಗೆ ಎಂದು ದಲ್ಲಾಳಿ ಬಾಯಿ ತೆರೆದವನು ಅವರ ಮುಖ ನೋಡಿ ಮುಚ್ಚಿಕೊಂಡ. ಜಗಳವಾಡಿದ್ದರೆ ಹೂಜಿ ಅಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು. ಬೈಯಲು ಯಾರೂ ಸಿಗದಂಥ ನಷ್ಟ ಅದು.

ಮನೆಗೆ ಬಂದ ಮೇಲೆ ನಾದಿನಿ ಫೋನು ತೆಗೆದಳು. ಕಟ್ಟುವ ಮುಂಚೆ ತೆಗೆದ ಫೋಟೊ ಅದರಲ್ಲಿತ್ತು. ಹೂಜಿ ಅಕ್ಕ ಕುರ್ಚಿಯನ್ನು ಹಳೇ ಗುರುತುಗಳ ಮೇಲೇ ಕೂರಿಸಿದಳು. ಶಾಲನ್ನು ಎಡದ ತೋಳಿಗೆ ಹಾಕಿ, ಅಂಚು ನೆಲಕ್ಕೆ ಒಂದು ಗೇಣು ಮೇಲಿರುವಂತೆ ಜಾರಿಸಿದಳು. ಪುಸ್ತಕವನ್ನು ಒಳಗೆ ನೋಡದೆಯೇ ನಡುವೆ ಬಿಡಿಸಿ ಸ್ಟೂಲಿನ ಮೇಲೆ ಮಗುಚಿ, ಅದರ ಮೇಲೆ ಕನ್ನಡಕದ ಒಂದು ಕಾಲು ಬಿಚ್ಚಿ, ಒಂದು ಅರ್ಧ ಮಡಿಚಿ ಇಟ್ಟಳು. ಫೋಟೊಗೂ ಮೂಲೆಗೂ ಒಂದು ನೂಲಿನಷ್ಟೂ ವ್ಯತ್ಯಾಸವಿರಲಿಲ್ಲ. ಹಿಂದಕ್ಕೆ ಸರಿದು ನೋಡಿದಳು. ಚೆನ್ನಾಗಿತ್ತು. ನಾಳೆಯೇ ಯಾವ ಮನೆಗೆ ಬೇಕಾದರೂ ಕಳಿಸಬಹುದು, ಅಷ್ಟು ಚೆನ್ನಾಗಿತ್ತು. ನೋಡುತ್ತಿದ್ದಂತೆ ಅವಳ ಮುಖ ಬಾಡಿತು.

"ಇದು ನಾನಿಟ್ಟಿದ್ದು" ಎಂದಳು. "ನೋಡಿದ್ರೆ ಗೊತ್ತಾಗ್ತಿದೆ. ನಾನಿಟ್ಟಿದ್ದು."

ನಾದಿನಿ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಪುಟವನ್ನಾದರೂ ಹುಡುಕೋಣ ಎಂದವಳು ಅವಳೇ. ಅಣ್ಣ ಹೇಳಿದ ಕಥೆ ನಿಮಗೆ ನೆನಪಿದೆಯಲ್ಲ, ಎಲ್ಲಿಗೆ ನಿಂತಿತೋ ಅದರ ಆಸುಪಾಸಿನಲ್ಲೇ ಪುಟ ಇರಬೇಕು ಎಂದಳು. ಹೂಜಿ ಅಕ್ಕನಿಗೆ ಜೀವ ಬಂದಂತಾಯಿತು. ಕೊಡೆ, ಊರಂಚಿನ ಮನೆ, ಬಾಗಿಲು ತಟ್ಟುವುದು, ಚಪ್ಪಲಿಯ ಸದ್ದು, ಇಷ್ಟು ಸಿಕ್ಕರೆ ಸಾಕು ಎಂದಳು. ನಾದಿನಿ ಪುಸ್ತಕ ಬಿಡಿಸಿದಳು. ಒಂದು ಪುಟ ನೋಡಿ ಇನ್ನೊಂದಕ್ಕೆ ಹೋದಳು. ಮುಂದಕ್ಕೆ ಹಾರಿದಳು, ಹಿಂದಕ್ಕೆ ಬಂದಳು. ಕೊನೆಗೆ ನೀಲಿ ಹೊದಿಕೆಯನ್ನೇ ಕಳಚಿ ರಟ್ಟಿನ ಮೇಲಿನ ಹೆಸರು ಓದಿದಳು.

"ಅತ್ತಿಗೆ, ಇದು ಕಥೆ ಪುಸ್ತಕ ಅಲ್ಲ. ನಲ್ಲಿ, ಚರಂಡಿ ಪೈಪು ರಿಪೇರಿ ಮಾಡೋದು ಹೇಗೆ ಅಂತ ಇದೆ."

ಹೂಜಿ ಅಕ್ಕ ಕಿತ್ತುಕೊಂಡು ನೋಡಿದಳು. ಪುಟದ ತುಂಬ ಪೈಪಿನ ತಿರುವುಗಳ ಚಿತ್ರ. ವಾಶರ್ ಬದಲಿಸುವ ಬಗೆ. ಸಿಂಕು ಕಟ್ಟಿಕೊಂಡರೆ ಏನು ಮಾಡಬೇಕು. ಕೊಡೆಯಿಲ್ಲ, ಬಾಗಿಲಿಲ್ಲ. ಮೆಟ್ಟಿಲ ತಿರುವಿನ ನೀಲಿ ಹೂದಾನಿ ಯಾವ ಪುಟದಲ್ಲೂ ಇರಲಿಲ್ಲ. ಅದಿದ್ದದ್ದು ಗಂಡ ಹೆಂಡತಿ ಇಬ್ಬರೂ ಹೊಸದಾಗಿ ಕಸುಬು ಹಿಡಿದಾಗ ಸಿಂಗರಿಸಿದ ಒಂದು ಮನೆಯಲ್ಲಿ. ಕನ್ನಡಿಗೆ ಎದುರು ಕನ್ನಡಿ ಇಟ್ಟು ಅವಳೇ ಒಮ್ಮೆ ಎಡವಟ್ಟು ಮಾಡಿಕೊಂಡಿದ್ದಳು. ಕೊಡೆಯವನು ಹತ್ತಿ ಇಳಿದ ಮನೆಗಳೆಲ್ಲ ಅವಳ ಕೈಯಿಂದ ಹಾದುಹೋದ ಮನೆಗಳು.

"ಪುಟ ತಿರುಗಿಸೋ ಸದ್ದು ಕೇಳ್ತಿತ್ತಲ್ಲೇ" ಎಂದಳು ಅವಳು, ದೂರು ಹೇಳುವ ಮಗುವಿನ ಹಾಗೆ. "ಒಂದು ಸಂಜೆನೂ ತಪ್ಪದೆ ಕೇಳ್ತಿತ್ತು."

ನಾದಿನಿ ಅಳುತ್ತಲೇ ನಕ್ಕಳು. "ಅವನು ಚಿಕ್ಕವನಿದ್ದಾಗಿಂದ ಅಷ್ಟೇ ಅತ್ತಿಗೆ. ಲೆಕ್ಕದ ಪುಸ್ತಕ ಹಿಡ್ಕೊಂಡು ನಂಗೆ ಹುಲಿ ಕಥೆ ಓದ್ತಿದ್ದ. ನಂಗೆ ಓದೋಕೆ ಬಂದ ದಿನ ಸಿಕ್ಕಿಬಿದ್ದ."

ಹೂಜಿ ಅಕ್ಕನಿಗೂ ನಗು ಬಂತು. ನಗು ಅರ್ಧಕ್ಕೆ ಒಡೆದು, ಅಷ್ಟು ದಿನ ಕಟ್ಟಿಟ್ಟುಕೊಂಡದ್ದು ಒಮ್ಮೆಗೇ ಹೊರಬಿತ್ತು. ನಾದಿನಿಯ ತೊಡೆಯ ಮೇಲೆ ತಲೆಯಿಟ್ಟು, ಚರಂಡಿ ಪೈಪಿನ ಪುಸ್ತಕ ಎದೆಗೆ ಅವುಚಿಕೊಂಡು, ಅಕ್ಕಪಕ್ಕದವರಿಗೆ ಕೇಳಿಸೀತು ಎಂಬ ಪರಿವೆಯಿಲ್ಲದೆ ಅತ್ತಳು. ಇಡೀ ಉಗ್ರಾಣ ಜಾಲಾಡಿದರೂ, ಲೋಕದ ಪುಸ್ತಕಗಳನ್ನೆಲ್ಲ ತೂಕಕ್ಕೆ ತಂದು ಸುರಿದರೂ, ಆ ಊರಂಚಿನ ಮನೆಯ ಬಾಗಿಲು ಇನ್ನು ತೆರೆಯುವಂತಿರಲಿಲ್ಲ. ಒಳಗೆ ಯಾರೋ ಬರುತ್ತಲೇ ಇರುತ್ತಾರೆ. ಕೊಡೆಯವನು ನಿಂತೇ ಇರುತ್ತಾನೆ.

ಮಾರನೆಯ ದಿನ ಅವಳು ಶಾಲು ಮಡಿಚಿ ಉಗ್ರಾಣಕ್ಕೆ ಕಳಿಸಿದಳು, ಕನ್ನಡಕವನ್ನು ಡಬ್ಬಿಗೆ ಹಾಕಿದಳು. ಕುರ್ಚಿಯನ್ನು ಟೆಂಪೊಗೆ ಹಾಕಿಸಿ ಟೀಚರ ಮನೆಯ ಕಿಟಕಿಯ ಬಳಿ ತಾನೇ ಇಟ್ಟು ಬಂದಳು. ಅವರಿಗೆ ಅದು ಬೇಕಿತ್ತು. ನೀಲಿ ಹೊದಿಕೆ ಕಳಚಿದ ಪುಸ್ತಕವೊಂದನ್ನು ಮಾತ್ರ ಮನೆಯಲ್ಲಿ ಉಳಿಸಿಕೊಂಡಳು. ಮುಂದಿನ ಕೋಣೆಯನ್ನು ಮೂಲೆಯವರೆಗೂ ಗುಡಿಸಿದಳು.

ಹೋದದ್ದು, ಅವನು ಕೈಯಾರೆ ಇಟ್ಟುಹೋದ ರೀತಿ ಮತ್ತು ಆ ಕಥೆಯ ಕೊನೆ. ಸಿಕ್ಕಿದ್ದು, ಆ ಕಥೆಯನ್ನು ಕಟ್ಟಿದವನು ಯಾರು, ಯಾರಿಗೆಂದು ಕಟ್ಟಿದ ಎನ್ನುವುದು. ಗೊತ್ತಾಯಿತು ಎಂದು ಹೇಳೋಣವೆಂದರೆ ಕೇಳಿಸಿಕೊಳ್ಳಲು ಅವನಿರಲಿಲ್ಲ.